ಪಂಪು ತಾನೇ ನಿರ್ಧರಿಸುವ ಕಾಲ: ಹೊಲಕ್ಕೆ ಯಾವ ಯಂತ್ರ, ಎಷ್ಟರ ಮಟ್ಟಿಗೆ?

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ರೈತ. ನಮಗೆ ನಾಲ್ಕು ಎಕರೆ ಜಮೀನಿದೆ. ಎರಡು ಎಕರೆ ನಾಲೆ ನೀರಿನ ಗದ್ದೆ, ಅದರಲ್ಲಿ ಭತ್ತ; ಇನ್ನೆರಡು ಎಕರೆಗೆ ಕೊಳವೆ ಬಾವಿ ಇದೆ, ಹನಿ ನೀರಾವರಿಯಲ್ಲಿ ಕಬ್ಬು. ಮೂರು ವರ್ಷದ ಹಿಂದೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಈಗ ಒಂದು ಕಂಪನಿಯವರು ಬಂದು, ಮಣ್ಣಿನ ತೇವ ನೋಡಿ ತಾನೇ ಮೋಟಾರು ಹಾಕಿ, ತಾನೇ ವಾಲ್ವ್ ತಿರುಗಿಸಿ, ತಾನೇ ನಿಲ್ಲಿಸುವ ವ್ಯವಸ್ಥೆಯನ್ನು 1.8 ಲಕ್ಷ ರೂಪಾಯಿಗೆ ಕೊಡುತ್ತೇವೆ, ವರ್ಷ ವರ್ಷ ಚಂದಾ ಬೇರೆ ಎನ್ನುತ್ತಿದ್ದಾರೆ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗ, ಇನ್ನು ಹತ್ತು ವರ್ಷಕ್ಕೆ ಟ್ರ್ಯಾಕ್ಟರೂ ಡ್ರೈವರ್ ಇಲ್ಲದೆ ಓಡುತ್ತದೆ, ಈಗಲೇ ಹಾಕಿಸಿಬಿಡಿ ಎನ್ನುತ್ತಾನೆ. ಮುಂದೆ ನಿಜವಾಗಿ ಏನಾಗುತ್ತದೆ? ಈಗ ಹಾಕಿಸಬೇಕೆ, ಕಾಯಬೇಕೆ? ಕಂಪನಿ ಮುಚ್ಚಿಹೋದರೆ ನಮ್ಮ ಗತಿ ಏನು?

ಉತ್ತರ: ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಮೊದಲಿನ ಎರಡಕ್ಕೆ ಸಿಗುವ ಉತ್ತರವೂ ಬಹುಮಟ್ಟಿಗೆ ಅದರಲ್ಲೇ ಇದೆ. ಕಂಪನಿ ಮುಚ್ಚಿದರೆ ಏನು ಗತಿ ಎಂಬುದು ವೃಥಾ ಆತಂಕವಲ್ಲ. ಮನೆಯ ದೀಪ, ಸ್ವಿಚ್ಚುಗಳನ್ನು ಇಂಟರ್‌ನೆಟ್ ಮೂಲಕ ನಡೆಸುವ ಉಪಕರಣಗಳನ್ನು ಮಾರುತ್ತಿದ್ದ ಇನ್‌ಸ್ಟಿಯಾನ್ ಎಂಬ ಅಮೆರಿಕದ ಕಂಪನಿ 2022ರ ಏಪ್ರಿಲ್‌ನಲ್ಲಿ ಗ್ರಾಹಕರಿಗೆ ಒಂದು ಮಾತನ್ನೂ ಹೇಳದೆ ತನ್ನ ಸರ್ವರ್‌ಗಳನ್ನು ನಿಲ್ಲಿಸಿತು. ಅದಕ್ಕೂ ಮುಂಚೆ 2016ರಲ್ಲಿ ನೆಸ್ಟ್ ಸಂಸ್ಥೆಯು ತಾನು ಕೊಂಡುಕೊಂಡಿದ್ದ ರಿವಾಲ್ವ್ ಎಂಬ ಮತ್ತೊಂದು ಉಪಕರಣದ ಸೇವೆಯನ್ನು ಕೊನೆಗಾಣಿಸಿದಾಗ, ಸುಮಾರು 300 ಡಾಲರ್ ಕೊಟ್ಟು ಕೊಂಡವರ ಮನೆಯಲ್ಲಿ ಅದು ಉಪಯೋಗಕ್ಕೆ ಬಾರದ ಡಬ್ಬಿಯಾಗಿ ಉಳಿಯಿತು. ಎರಡೂ ಸಂದರ್ಭಗಳಲ್ಲಿ ಉಪಕರಣ ಕೆಟ್ಟಿರಲಿಲ್ಲ, ಮನೆಯ ವಿದ್ಯುತ್ತಿಗೂ ತೊಂದರೆಯಾಗಿರಲಿಲ್ಲ. ಏನು ಮಾಡಬೇಕೆಂಬ ತೀರ್ಮಾನ ಮಾತ್ರ ಮನೆಯಲ್ಲಿ ಆಗುತ್ತಿರಲಿಲ್ಲ, ದೂರದ ಗಣಕದಲ್ಲಿ ಆಗುತ್ತಿತ್ತು. ಆ ಗಣಕ ನಿಂತಾಗ ಅದನ್ನು ನಂಬಿದ್ದ ಇಲ್ಲಿಯ ಕೆಲಸವೂ ನಿಂತಿತು. ಮನೆಯ ದೀಪವಾದರೆ ಗೋಡೆಯ ಸ್ವಿಚ್ಚು ಒತ್ತಿ ಬದುಕಬಹುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಳೆಯ ಕಬ್ಬಿಗೆ ನೀರು ತಪ್ಪಿದರೆ ಆ ನಷ್ಟವನ್ನು ಯಾವ ಚಂದಾ ಹಣವೂ ತುಂಬಿಕೊಡುವುದಿಲ್ಲ.

ಹಾಗಾಗಿ ತಮಗೆ ತೋರಿಸುತ್ತಿರುವ ವ್ಯವಸ್ಥೆಯನ್ನು ಒಂದೇ ಯಂತ್ರವೆಂದು ನೋಡಬೇಡಿ. ಅದರೊಳಗೆ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಮೋಟಾರು ಸುಡದಂತೆ ಕಾಯುವುದು ಒಂದು ಕೆಲಸ. ಯಾವಾಗ ಎಷ್ಟು ನೀರು ಬಿಡಬೇಕೆಂದು ತೀರ್ಮಾನಿಸುವುದು ಇನ್ನೊಂದು. ನಡೆದದ್ದನ್ನು ತಮಗೆ ತಿಳಿಸುವುದು ಮತ್ತೊಂದು. ಮೊದಲನೆಯದು ಪಂಪ್‌ಹೌಸಿನ ಪ್ಯಾನೆಲ್ ಬೋರ್ಡಿನೊಳಗೇ, ಯಾವ ಸಿಗ್ನಲ್ಲಿನ ಹಂಗೂ ಇಲ್ಲದೆ ನಡೆಯಬೇಕು. ಎರಡನೆಯದೂ ಹೊಲದಲ್ಲೇ ನಡೆಯಬೇಕು. ದೂರದ ಗಣಕ ಬೇಕಾದರೆ ಸಲಹೆ ಕೊಡಲಿ, ಆದರೆ ಸಲಹೆ ಬಾರದ ದಿನ ನಿಗದಿಯಾದ ವೇಳಾಪಟ್ಟಿಯಂತೆ ನೀರು ಹರಿಯಲೇಬೇಕು. ಮೂರನೆಯದಕ್ಕೆ ಮಾತ್ರ ನೆಟ್‌ವರ್ಕ್ ನಿಜವಾಗಿಯೂ ಬೇಕು, ಅದು ಒಂದು ದಿನ ತಡವಾದರೂ ಬೆಳೆ ಒಣಗುವುದಿಲ್ಲ. ಮಾರಲು ಬಂದವರನ್ನು, ಸಿಮ್ ತೆಗೆದಿಟ್ಟರೆ ಈ ಮೂರರಲ್ಲಿ ಯಾವುದು ನಡೆಯುತ್ತದೆ, ಯಾವುದು ನಿಲ್ಲುತ್ತದೆ ಎಂದು ಕೇಳಿ; ಬಾಯಿಮಾತಿನ ಉತ್ತರಕ್ಕೆ ತೃಪ್ತರಾಗದೆ ತಮ್ಮೆದುರಿಗೇ ಸಿಮ್ ತೆಗೆದು ತೋರಿಸಲು ಹೇಳಿ.

ತಾನಾಗಿ ಕೆಲಸ ಮಾಡುವ ಯಂತ್ರವೆಂದರೆ ಇಂಟರ್‌ನೆಟ್ ಇರಲೇಬೇಕೆಂಬ ಭಾವನೆ ಇತ್ತೀಚಿನದು. ವಿಶ್ವೇಶ್ವರಯ್ಯನವರು ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರ ಸುಮಾರಿಗೆ ಅಳವಡಿಸಿದ ಸ್ವಯಂಚಾಲಿತ ಗೇಟುಗಳು ನೀರಿನ ಮಟ್ಟ ಮಿತಿ ಮೀರಿದಾಗ ನೀರಿನ ಮತ್ತು ಪ್ರತಿಭಾರದ ಬಲದಿಂದಲೇ ತೆರೆದುಕೊಂಡು, ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ಅದೇ ಬಗೆಯ ಗೇಟುಗಳು ಮುಂದೆ ನಮ್ಮ ಕನ್ನಂಬಾಡಿಗೂ ಬಂದವು. ಅಲ್ಲಿ ಅಳೆಯುವುದು, ತೀರ್ಮಾನಿಸುವುದು, ಕೆಲಸ ಮಾಡುವುದು ಮೂರೂ ಒಂದೇ ಜಾಗದಲ್ಲಿ ನಡೆಯುತ್ತಿತ್ತು. ಹಳೆಯದೆಲ್ಲ ಒಳ್ಳೆಯದು ಎಂಬ ವಾದಕ್ಕಾಗಿ ಇದನ್ನು ನೆನೆಯುತ್ತಿಲ್ಲ. ಅಪಾಯ ಎಲ್ಲಿದೆಯೋ ಅದನ್ನು ತಡೆಯುವ ತೀರ್ಮಾನವೂ ಅಲ್ಲೇ ಇರಬೇಕೆಂಬ ನಿಯಮವನ್ನು ಇಂದಿಗೂ ಜವಾಬ್ದಾರಿಯುತ ನಿಯಂತ್ರಣ ಎಂಜಿನಿಯರುಗಳು ಪಾಲಿಸುತ್ತಾರೆ. ಪಾಲಿಸದಿರುವುದು ಅಗ್ಗದ ಉಪಕರಣಗಳನ್ನು ಅವಸರದಲ್ಲಿ ಮಾರುಕಟ್ಟೆಗೆ ತರುವವರು.

ಮೋಟಾರಿನ ರಕ್ಷಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಕೊಳವೆ ಬಾವಿಯ ಸಬ್‌ಮರ್ಸಿಬಲ್ ಮೋಟಾರು ತನ್ನ ಸುತ್ತ ಹರಿಯುವ ನೀರಿನಿಂದಲೇ ತಣ್ಣಗಾಗುವುದರಿಂದ, ನೀರು ಕೆಳಗಿಳಿದ ಮೇಲೂ ಓಡಿದರೆ ಬಹುಬೇಗ ಸುಡುತ್ತದೆ. ನೀರೆತ್ತದೆ ಓಡುವಾಗ ಅದು ಎಳೆಯುವ ಆಂಪಿಯರ್ ಸ್ಪಷ್ಟವಾಗಿ ಕಡಿಮೆಯಾಗುತ್ತದೆ. ಒಳ್ಳೆಯ ಪ್ಯಾನೆಲ್ ಇದನ್ನು ಗುರುತಿಸಿ ನಿಲ್ಲಿಸುತ್ತದೆ, ಬಾವಿಯಲ್ಲಿ ನೀರು ಊರುವಷ್ಟು ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಮೂರು ಫೇಸ್‌ಗಳಲ್ಲಿ ಒಂದು ಹೋದಾಗ, ಓಲ್ಟೇಜ್ ಬಿದ್ದಾಗ ನಿಲ್ಲಿಸುವುದೂ ಇದೇ ಪ್ಯಾನೆಲ್ಲಿನ ಕೆಲಸ. ತಮ್ಮ ಈಗಿನ ಮೊಬೈಲ್ ಸ್ಟಾರ್ಟರಿನಲ್ಲಿ ಇವೆಲ್ಲ ಇವೆಯೇ ಎಂದು ಮೊದಲು ನೋಡಿಸಿ. ಇಲ್ಲದಿದ್ದರೆ ಹೊಸ ವ್ಯವಸ್ಥೆಯ ಮಾತಿಗಿಂತ ಮುಂಚೆ ಇಷ್ಟನ್ನು ಸರಿಪಡಿಸಿಕೊಳ್ಳಿ. ಒಮ್ಮೆ ಮೋಟಾರು ಎತ್ತಿಸಿ ರಿವೈಂಡಿಂಗ್ ಮಾಡಿಸುವ ಖರ್ಚು ಉಳಿದರೂ ಹಾಕಿದ ಹಣ ಬಂದಂತೆಯೇ.

ಇನ್ನು ಟಿ.ಸಿ.ಯ, ಅಂದರೆ ಪಂಪ್‌ಸೆಟ್ಟುಗಳಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿನ ವಿಷಯ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ಮಾರುವವರ ಬಾಯಲ್ಲಿ ಇದು ಬರುವುದೇ ಇಲ್ಲ. 63 ಕೆ.ವಿ.ಎ. ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಪ್ರತಿ ಫೇಸ್‌ಗೆ ಸುಮಾರು 84 ಆಂಪಿಯರ್ ಕೊಡಬಲ್ಲದು. 5 ಎಚ್.ಪಿ. ಮೋಟಾರೊಂದು ಓಡುವಾಗ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಅಂಥ ಹತ್ತು ಮೋಟಾರುಗಳು ಒಟ್ಟಿಗೆ ಓಡಿದರೂ 75 ಆಂಪಿಯರ್ ಆಗುತ್ತದೆ, ಟಿ.ಸಿ. ತಡೆದುಕೊಳ್ಳುತ್ತದೆ. ಆದರೆ ಮೋಟಾರು ಹೊರಡುವ ಗಳಿಗೆಯಲ್ಲಿ, ನೇರವಾಗಿ ಲೈನಿಗೆ ಜೋಡಿಸುವ ಸ್ಟಾರ್ಟರಿನಲ್ಲಿ, ಅದು ಎಳೆಯುವುದು ಓಡುವಾಗಿನ ಆರು ಪಟ್ಟು ಅಥವಾ ಅದಕ್ಕಿಂತಲೂ ಹೆಚ್ಚು. ಹಿಂದೆ ಕರೆಂಟು ಬಂದಾಗ ಒಬ್ಬರು ಬೇಗ, ಇನ್ನೊಬ್ಬರು ತಡವಾಗಿ ಹೋಗಿ ಸ್ವಿಚ್ಚು ಒತ್ತುತ್ತಿದ್ದುದರಿಂದ ಈ ಹೊರೆ ತಾನಾಗಿ ಹಂಚಿಹೋಗುತ್ತಿತ್ತು. ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಕೊಂಡ ಮೇಲೆ ಕರೆಂಟು ಬಂದ ಕ್ಷಣದಲ್ಲೇ ಹತ್ತೂ ಮೋಟಾರುಗಳು ಹೊರಟು, 450 ಆಂಪಿಯರ್‌ನಷ್ಟು ಕೇಳುತ್ತವೆ. ಓಲ್ಟೇಜ್ ಕುಸಿಯುತ್ತದೆ, ಕುಸಿದ ಓಲ್ಟೇಜಿನಲ್ಲಿ ಯಾವ ಮೋಟಾರೂ ತನ್ನ ವೇಗಕ್ಕೆ ಬರಲಾರದೆ ಹೊರಡುವ ಹಂತದಲ್ಲೇ ಒದ್ದಾಡುತ್ತದೆ, ಟಿ.ಸಿ.ಯ ಹೈಟೆನ್ಷನ್ ಬದಿಯ ಎಚ್.ಜಿ. ಫ್ಯೂಸ್ ಹೋಗುತ್ತದೆ, ಇಲ್ಲವೆ ವೈಂಡಿಂಗ್ ಹೋಗುತ್ತದೆ, ದುರದೃಷ್ಟವಿದ್ದರೆ ಟಿ.ಸಿ.ಯೇ ಹೋಗಿ ಊರಿನ ಪಂಪ್‌ಸೆಟ್ಟುಗಳೆಲ್ಲ ಬದಲಿ ಟಿ.ಸಿ. ಬರುವವರೆಗೆ ಸುಮ್ಮನಿರಬೇಕಾಗುತ್ತದೆ. ವಿದ್ಯುತ್ ಕಂಪನಿಗಳು ಆಟೋ ಸ್ಟಾರ್ಟರ್ ಬೇಡವೆಂದು ಹೇಳುತ್ತ ಬಂದಿರುವುದಕ್ಕೆ ಇದೇ ಕಾರಣ.

ಒಬ್ಬೊಬ್ಬರ ಯಂತ್ರವೂ ತನ್ನ ಮಟ್ಟಿಗೆ ಜಾಣತನದಿಂದಲೇ ವರ್ತಿಸಿದೆ, ಒಟ್ಟು ಪರಿಣಾಮ ಮಾತ್ರ ಎಲ್ಲರಿಗೂ ಕೆಟ್ಟದ್ದಾಗಿದೆ. ಸ್ವಾಯತ್ತ ಯಂತ್ರಗಳ ಭವಿಷ್ಯದಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವ ಸಮಸ್ಯೆ ಇದು. ಹೊಲಕ್ಕೆ ಮಾತ್ರವಲ್ಲ, ಮುಂದೆ ರಾತ್ರಿ ಒಂದೇ ಹೊತ್ತಿಗೆ ಚಾರ್ಜ್ ಆಗಲು ಹೊರಡುವ ಮೈಸೂರಿನ ಬಡಾವಣೆಗಳ ವಿದ್ಯುತ್ ಕಾರುಗಳಿಗೂ ಇದು ಅನ್ವಯಿಸುತ್ತದೆ. ಪರಿಹಾರ ಕಷ್ಟದ್ದಲ್ಲ. ಕರೆಂಟು ಬಂದ ಮೇಲೆ ಪ್ರತಿಯೊಂದು ಪಂಪೂ ಬೇರೆ ಬೇರೆ ಅವಧಿ ಕಾದು ಹೊರಡುವಂತೆ ಟೈಮರ್ ಇಟ್ಟರೆ ಸಾಕು: ಒಬ್ಬರದು ಎರಡು ನಿಮಿಷ, ಮತ್ತೊಬ್ಬರದು ನಾಲ್ಕು, ಇನ್ನೊಬ್ಬರದು ಆರು. ಈಗ ಸಿಗುವ ಬಹುತೇಕ ಒಳ್ಳೆಯ ಸ್ಟಾರ್ಟರುಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ, ಆದರೆ ಅಳವಡಿಸುವವರು ಕಾರ್ಖಾನೆಯಿಂದ ಬಂದ ಒಂದೇ ಅವಧಿಯನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ತಮ್ಮ ಟಿ.ಸಿ.ಗೆ ಸೇರಿದವರೆಲ್ಲ ಒಂದು ಸಂಜೆ ಅರಳಿಕಟ್ಟೆಯಲ್ಲಿ ಕುಳಿತು ನಿಮಿಷಗಳನ್ನು ಹಂಚಿಕೊಂಡರೆ, 1.8 ಲಕ್ಷದ ಯಂತ್ರ ಕೊಡಲಾಗದ ಅನುಕೂಲ ಬಿಡಿಗಾಸಿಲ್ಲದೆ ಸಿಗುತ್ತದೆ. ಇಂದು ಸ್ಮಾರ್ಟ್ ಎಂದು ಮಾರುತ್ತಿರುವ ಉಪಕರಣಗಳು ಕಂಪನಿಯ ಗಣಕದೊಂದಿಗೆ ಚೆನ್ನಾಗಿ ಬೆಸೆದುಕೊಂಡಿರುತ್ತವೆ, ಪಕ್ಕದ ಹೊಲದ ಪಂಪಿನೊಂದಿಗೆ ಅವುಗಳಿಗೆ ಸಂಬಂಧವೇ ಇರುವುದಿಲ್ಲ. ಬರುವ ವರ್ಷಗಳಲ್ಲಿ ಬದಲಾಗಬೇಕಾದದ್ದು ಇದು, ಟಿ.ಸಿ.ಯ ಮೇಲೆ ಎಷ್ಟು ಹೊರೆ ಇದೆ ಎಂದು ತಿಳಿದು ತನ್ನ ಸರದಿಗೆ ಕಾಯುವ ಪಂಪು ತಾಂತ್ರಿಕವಾಗಿ ಇಂದೇ ಸಾಧ್ಯವಿದೆ, ಅದನ್ನು ಕೇಳುವ ಗ್ರಾಹಕರ ಗುಂಪು ಮಾತ್ರ ಇನ್ನೂ ರೂಪುಗೊಂಡಿಲ್ಲ.

ಮೊಬೈಲ್ ಸ್ಟಾರ್ಟರ್ ಹುಟ್ಟಿದ್ದೇ ರಾತ್ರಿ ಕೊಡುತ್ತಿದ್ದ ತ್ರೀ ಫೇಸ್ ಕರೆಂಟಿನಿಂದ ಎಂಬುದನ್ನೂ ಮರೆಯಬಾರದು. ಹಾವು, ಚೇಳು, ಇತ್ತೀಚೆಗೆ ತಮ್ಮ ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ, ಇವುಗಳ ಭಯದಲ್ಲಿ ನಡುರಾತ್ರಿ ಪಂಪ್‌ಹೌಸಿಗೆ ಹೋಗುವುದು ತಪ್ಪಲಿ ಎಂದು ಅದು ಜನಪ್ರಿಯವಾಯಿತು. ಈಗ ಪಿ.ಎಂ. ಕುಸುಮ್ ಯೋಜನೆಯ ಸಿ ಘಟಕದಡಿ ಪಂಪ್‌ಸೆಟ್ಟುಗಳಿಗೆ ಕರೆಂಟು ಒಯ್ಯುವ ಕೃಷಿ ಫೀಡರುಗಳಿಗೇ ಸೌರ ವಿದ್ಯುತ್ ಜೋಡಿಸಿ ಹಗಲಿನಲ್ಲಿ ಕರೆಂಟು ಕೊಡುವ ಕೆಲಸ ರಾಜ್ಯದಲ್ಲಿ ನಡೆಯುತ್ತಿದೆ. ತಮ್ಮ ಫೀಡರಿಗೆ ಅದು ಬಂದರೆ ದೂರದಿಂದ ಪಂಪು ಹಾಕುವ ಅಗತ್ಯವೇ ಅರ್ಧದಷ್ಟು ಕಡಿಮೆಯಾಗುತ್ತದೆ. ದೊಡ್ಡ ಹಣ ಹಾಕುವ ಮೊದಲು ವಿದ್ಯುತ್ ಕಚೇರಿಯ ಸೆಕ್ಷನ್ ಆಫೀಸಿನಲ್ಲಿ ಇದನ್ನು ವಿಚಾರಿಸಿಕೊಳ್ಳಿ.

ಸಿಮ್‌ನ ಬಗ್ಗೆಯೂ ಒಂದು ಮಾತು. ಮೂರು ವರ್ಷದ ಹಿಂದಿನ ಅಗ್ಗದ ಸ್ಟಾರ್ಟರುಗಳಲ್ಲಿ ಬಹಳಷ್ಟು 2ಜಿ ಮೋಡೆಮ್ ಉಳ್ಳವು. ಅಮೆರಿಕದ ಎ.ಟಿ. ಅಂಡ್ ಟಿ. ಕಂಪನಿ 2017ರ ಆರಂಭದಲ್ಲೇ 2ಜಿ ನಿಲ್ಲಿಸಿತು. ನಮ್ಮಲ್ಲಿ ಜಿಯೋಗೆ 2ಜಿ ಜಾಲ ಮೊದಲಿನಿಂದಲೂ ಇಲ್ಲ. ಏರ್‌ಟೆಲ್ 3ಜಿಯನ್ನು ಮುಚ್ಚಿ 2ಜಿಯನ್ನು ಉಳಿಸಿಕೊಂಡಿರುವುದರಿಂದ ತಮ್ಮ ಸ್ಟಾರ್ಟರು ಇನ್ನೂ ಕೆಲಸ ಮಾಡುತ್ತಿರಬಹುದು. ಹತ್ತು ವರ್ಷ ಬಾಳಬೇಕಾದ ಹೊಸ ಉಪಕರಣದಲ್ಲಿ ಮಾತ್ರ 2ಜಿ ಮೋಡೆಮ್ ಇದ್ದರೆ ಒಪ್ಪಬೇಡಿ. ಕನಿಷ್ಠ 4ಜಿ ಇರಬೇಕು, ಆ ಭಾಗವನ್ನು ಇಡೀ ಪ್ಯಾನೆಲ್ ಬದಲಾಯಿಸದೆ ಬಿಚ್ಚಿ ಹಾಕುವಂತಿರಬೇಕು. ಹೊಲದೊಳಗಿನ ಸೆನ್ಸರುಗಳು ಪಂಪ್‌ಹೌಸಿನೊಂದಿಗೆ ಮಾತಾಡಲು ಸಿಮ್ ಬೇಕಿಲ್ಲ. ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865 ಮೆಗಾಹರ್ಟ್ಸ್ ಸುಮಾರಿನ ತರಂಗದಲ್ಲಿ ಕೆಲಸ ಮಾಡುವ ಲೋರಾ ರೇಡಿಯೋಗಳು ಬಯಲಿನಲ್ಲಿ ಕೆಲವು ಕಿಲೋಮೀಟರು ತಲುಪುತ್ತವೆ, ಸಣ್ಣ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುತ್ತವೆ. ಆಳೆತ್ತರ ಮೀರಿ ಬೆಳೆದ ಕಬ್ಬಿನ ಒಳಗೆ ಆ ದೂರ ಬಹಳ ಕಡಿಮೆಯಾಗುತ್ತದೆ, ಆಂಟೆನಾ ಬೆಳೆಯ ಮೇಲೆ ಬರುವಂತೆ ಕಂಬ ನೆಡಬೇಕು. ಪ್ರಾತ್ಯಕ್ಷಿಕೆಯನ್ನು ಕೂಳೆ ಚಿಗುರುವ ಹೊತ್ತಿನಲ್ಲಿ ಮಾಡಿ ತೋರಿಸಿ ಹೋದವರ ವ್ಯವಸ್ಥೆ ಎಂಟನೆಯ ತಿಂಗಳಿನಲ್ಲಿ ಮೌನವಾಗುವುದು ಇದೇ ಕಾರಣಕ್ಕೆ.

ಈಗ ತೇವಾಂಶದ ಸೆನ್ಸರಿಗೆ ಬರೋಣ. ತಾನೇ ತೀರ್ಮಾನಿಸುವ ವ್ಯವಸ್ಥೆಯ ಬುದ್ಧಿಯೆಲ್ಲ ನಿಂತಿರುವುದು ಈ ಪುಟ್ಟ ಕಡ್ಡಿಯ ಮೇಲೆ. ಅತಿ ಅಗ್ಗದ ಸೆನ್ಸರುಗಳು ಎರಡು ಲೋಹದ ಕಡ್ಡಿಗಳ ನಡುವೆ ಕರೆಂಟು ಹರಿಸಿ ಅಳೆಯುತ್ತವೆ. ಗೊಬ್ಬರ ಬೆರೆತ ನೀರಿನಲ್ಲಿ ಕಡ್ಡಿಗಳು ಬಹುಬೇಗ ತುಕ್ಕು ಹಿಡಿಯುತ್ತವೆ. ಅವುಗಳಿಗಿಂತ ಮೇಲಾದವು ಮಣ್ಣಿನ ವಿದ್ಯುತ್ ಗುಣವನ್ನು ಅಳೆಯುತ್ತವೆ: ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80, ಒಣ ಮಣ್ಣಿನದು ಅದರ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ, ಆದ್ದರಿಂದ ತೇವ ಹೆಚ್ಚಾದಷ್ಟೂ ಅಳತೆ ಏರುತ್ತದೆ. ಆದರೆ ಅದೇ ಅಳತೆ ಕೆಮ್ಮಣ್ಣಿನಲ್ಲಿ ಹೇಳುವ ಅರ್ಥ ಬೇರೆ, ಎರೆಮಣ್ಣಿನಲ್ಲಿ ಹೇಳುವ ಅರ್ಥ ಬೇರೆ. ತಮ್ಮ ಹೊಲದ ಮಣ್ಣಿಗೆ ಹೊಂದಿಸದೆ, ಕಂಪನಿಯವರು ತಂದ ಶೇಕಡಾವಾರು ಅಂಕಿಯನ್ನೇ ನಂಬಿ ಪಂಪು ಓಡಿಸಿದರೆ ಅದು ಕುರುಡನಿಗೆ ದಾರಿ ತೋರಿಸುವ ಕೆಲಸ ಕೊಟ್ಟಂತೆ. ಸೆನ್ಸರನ್ನು ಹನಿ ಬೀಳುವ ಜಾಗಕ್ಕೆ ತೀರ ಹತ್ತಿರ ಹೂತರೆ ಅದು ಸದಾ ಒದ್ದೆಯೆಂದೇ ಹೇಳುತ್ತದೆ, ದೂರ ಹೂತರೆ ಸದಾ ಒಣಗಿದೆ ಎನ್ನುತ್ತದೆ. ಹೂಳುವಾಗ ಸುತ್ತ ಗಾಳಿ ಉಳಿದರೂ ಅಷ್ಟೇ. ಬೇರಿನ ಆಳದಲ್ಲಿ ಒಂದು, ಅದಕ್ಕಿಂತ ಕೆಳಗೆ ಒಂದು ಇದ್ದರೆ ಮೇಲಿನದು ನೀರು ಬೇಕೆಂಬುದನ್ನೂ ಕೆಳಗಿನದು ನೀರು ವ್ಯರ್ಥವಾಗಿ ಇಳಿದುಹೋಗುತ್ತಿದೆ ಎಂಬುದನ್ನೂ ಹೇಳುತ್ತವೆ. ಯಾವ ವಿದ್ಯುತ್ತೂ ಬೇಡದ ಟೆನ್ಷಿಯೋಮೀಟರ್ ಎಂಬ ಹಳೆಯ ಸಾಧನವೂ ಇದೆ. ಬೇರು ನೀರನ್ನು ಎಳೆದುಕೊಳ್ಳಲು ಎಷ್ಟು ಬಲ ಹಾಕಬೇಕಾಗಿದೆ ಎಂಬುದನ್ನು ಅದು ನೇರವಾಗಿ ತೋರಿಸುತ್ತದೆ. ಒಂದು ಬೆಳೆಯ ಕಾಲ ಅದನ್ನು ಹೂತು, ಬೆಳಿಗ್ಗೆ ಹೋದಾಗ ಮುಳ್ಳು ಎಲ್ಲಿದೆ ಎಂದು ಬರೆದಿಟ್ಟುಕೊಂಡವರು ಯಾವ ಮಾರಾಟಗಾರನಿಂದಲೂ ಮೋಸ ಹೋಗುವುದಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ವಿಜ್ಞಾನಿಗಳನ್ನು ಕೇಳಿದರೆ ತಮ್ಮ ಮಣ್ಣಿಗೆ, ಕಬ್ಬಿನ ವಯಸ್ಸಿಗೆ ತಕ್ಕ ಮಿತಿಗಳನ್ನು ತಿಳಿದುಕೊಳ್ಳಬಹುದು.

ಅಳತೆ ಸರಿಯಿದ್ದರೂ ಕೆಲಸ ಆಗಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ತೆರೆಯುವಂತೆ ಆದೇಶ ಹೋಗಿದೆ ಎಂದರೆ ವಾಲ್ವ್ ತೆರೆದಿದೆ ಎಂದಲ್ಲ. ಕೊಳವೆ ಬಾವಿಯ ಮರಳು ಅದರ ಪೊರೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ, ಅಳಿಲು, ಇಲಿ ಸಾಲಿನುದ್ದಕ್ಕೂ ಹನಿ ಬಿಡುವ ಲ್ಯಾಟರಲ್ ಪೈಪನ್ನು ಕಡಿಯುತ್ತವೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಪರದೆಯ ಮೇಲೆ ನೀರು ಹರಿಯುತ್ತಿದೆ ಎಂಬ ಹಸಿರು ಗುರುತು ಕಾಣುತ್ತಿರುವಾಗಲೇ ಮೂರನೆಯ ಪಾತಿಯ ಕಬ್ಬು ಬಾಡುತ್ತಿರಬಹುದು. ಆದ್ದರಿಂದ ಹರಿದ ನೀರನ್ನು ಅಳೆಯುವ ಫ್ಲೋ ಮೀಟರ್ ಮತ್ತು ಒತ್ತಡ ಅಳೆಯುವ ಸೆನ್ಸರ್ ಇಲ್ಲದ ಸ್ವಯಂಚಾಲನೆಯನ್ನು ನಾನು ಸ್ವಯಂಚಾಲನೆ ಎಂದು ಕರೆಯಲಾರೆ. ಹರಿವು ಎಂದಿಗಿಂತ ಹೆಚ್ಚಾದರೆ ಪೈಪು ಒಡೆದಿದೆ, ಕಡಿಮೆಯಾದರೆ ಎಲ್ಲೋ ಕಟ್ಟಿಕೊಂಡಿದೆ. ಈ ಎರಡು ಸುದ್ದಿಗಳು ವೇಳೆಗೆ ಸರಿಯಾಗಿ ಮೊಬೈಲಿಗೆ ಬಂದರೆ ಅಷ್ಟರಿಂದಲೇ ಜಾಲಕ್ಕೆ ಕೊಟ್ಟ ಹಣ ಸಾರ್ಥಕ. ತಮಗೆ ಕೊಟ್ಟಿರುವ ಅಂದಾಜು ಪಟ್ಟಿಯಲ್ಲಿ ಇವೆರಡೂ ಇವೆಯೇ ನೋಡಿ. ಸಾಮಾನ್ಯವಾಗಿ ಬೆಲೆ ತಗ್ಗಿಸಲು ಮೊದಲು ಕೈಬಿಡುವುದು ಇವನ್ನೇ.

ನಾಲೆ ನೀರಿನ ಎರಡು ಎಕರೆ ಗದ್ದೆಗೆ ಈ ಯಾವುದನ್ನೂ ಹಾಕಿಸಬೇಡಿ. ಭತ್ತಕ್ಕೆ ಸದಾ ನೀರು ನಿಲ್ಲಿಸದೆ, ಒಮ್ಮೆ ಕಟ್ಟಿ ಒಮ್ಮೆ ಆರಲು ಬಿಡುವ ಪದ್ಧತಿಯನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಹಳ ಕಾಲದಿಂದ ಹೇಳುತ್ತಿದೆ. ಅದಕ್ಕೆ ಬೇಕಾದದ್ದು ತೂತು ಕೊರೆದ ಒಂದಡಿ ಪಿ.ವಿ.ಸಿ. ಪೈಪು ಮಾತ್ರ, ಗದ್ದೆಯಲ್ಲಿ ಹೂತ ಪೈಪಿನೊಳಗೆ ನೀರು ನೆಲದ ಮಟ್ಟದಿಂದ 15 ಸೆಂಟಿಮೀಟರು ಕೆಳಗಿಳಿದಾಗ ನೀರು ಕಟ್ಟುವುದು, ಹೂವಾಡುವ ಹೊತ್ತಿನಲ್ಲಿ ಮಾತ್ರ ನೀರು ನಿಲ್ಲಿಸುವುದು. ಶೇ 30ರವರೆಗೆ ನೀರು ಉಳಿಯುತ್ತದೆ. ಆದರೆ ತಮ್ಮ ಕೈಯಲ್ಲಿ ಇಲ್ಲದ್ದು ನೀರು ಬರುವ ದಿನ. ಕನ್ನಂಬಾಡಿಯಲ್ಲಿ ನೀರು ಕಡಿಮೆಯಾದ ವರ್ಷ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯಲ್ಲಿ ಕಟ್ಟು ಪದ್ಧತಿಯಂತೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ, ಬಂದಾಗ ಕಟ್ಟಿಕೊಳ್ಳದಿದ್ದರೆ ಮುಂದಿನ ಸರದಿಯವರೆಗೆ ಇಲ್ಲ. ಗದ್ದೆಯಲ್ಲಿ ಎಷ್ಟೇ ಜಾಣ ಸೆನ್ಸರಿದ್ದರೂ ತೂಬಿನಲ್ಲಿ ನೀರಿಲ್ಲದಿದ್ದರೆ ಅದು ಮಾಡುವುದೇನು? ಇಲ್ಲಿ ಯಾಂತ್ರೀಕರಣ ಆಗಬೇಕಾದ ಜಾಗ ಗದ್ದೆಯಲ್ಲ, ನಾಲೆ. ಕೃಷ್ಣಾ ಕೊಳ್ಳದ ನಾರಾಯಣಪುರ ಎಡದಂಡೆ ನಾಲೆಯಲ್ಲಿ ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ, ಹರಿವನ್ನು ಅಳೆಯುವ ವ್ಯವಸ್ಥೆಯನ್ನು ದೊಡ್ಡ ಪ್ರಮಾಣದಲ್ಲಿ ಅಳವಡಿಸಲಾಗಿದೆ. ನಾಲೆಯ ತುದಿಯ ರೈತನಿಗೂ ತನ್ನ ಪಾಲು ಎಷ್ಟು ಹೊರಟಿತು, ಎಷ್ಟು ತಲುಪಿತು ಎಂದು ಅಂಕಿಯಲ್ಲಿ ಕಾಣುವಂತಾದರೆ ಕೊನೆಯ ಭಾಗಕ್ಕೆ ನೀರಿಲ್ಲ ಎಂಬ ಹಳೆಯ ಜಗಳ ಬೇರೆಯೇ ರೂಪ ಪಡೆಯುತ್ತದೆ. ನಾಲೆಯ ನೀರು ಬಿಡುವ ಸೌಡಿಗಳ ಕೆಲಸ ಇದರಿಂದ ಇಲ್ಲವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಗೇಟಿಗೆ ಕಲ್ಲು ಸಿಕ್ಕಿಸಿದವರು ಯಾರೆಂದು ಯಾವ ಸೆನ್ಸರೂ ಹೇಳುವುದಿಲ್ಲ.

ಅಂದ ಹಾಗೆ, ಉಪಯುಕ್ತವಾದ ಒಂದು ಸಂಪರ್ಕ ಸಾಧನ ಬಹುಶಃ ಈಗಾಗಲೇ ತಮ್ಮ ಪಂಚಾಯಿತಿಯಲ್ಲಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಳವಡಿಸಿರುವ 6,000ಕ್ಕೂ ಹೆಚ್ಚು ಮಳೆಮಾಪಕಗಳು ತಾವೇ ಅಳೆದು ತಾವೇ ಅಂಕಿಗಳನ್ನು ಕಳುಹಿಸುತ್ತವೆ, ಆ ಮಾಹಿತಿಯ ಆಧಾರದ ಮೇಲೆ ವರುಣಮಿತ್ರ ಸಹಾಯವಾಣಿ ನಡೆಯುತ್ತದೆ. ನಾಳೆ ಮಳೆ ಬರುವ ಸಂಭವವಿದ್ದಾಗ ಇಂದು ನೀರು ಬಿಡದಿರುವ ತೀರ್ಮಾನವನ್ನು ಅದರ ಸಹಾಯದಿಂದ ತಾವೇ ಕೈಗೊಳ್ಳಬಹುದು. ಮಾರಾಟಗಾರರು ಕೃತಕ ಬುದ್ಧಿಮತ್ತೆ ಎಂದು ಹೇಳುವುದರಲ್ಲಿ ಒಂದು ಭಾಗ ಇದೇ ಮಾಹಿತಿಯಾಗಿರುತ್ತದೆ.

ಇನ್ನು ಮಗ ಹೇಳುವ ಚಾಲಕರಿಲ್ಲದ ಟ್ರ್ಯಾಕ್ಟರು. ಅದು ಕಟ್ಟುಕಥೆಯಲ್ಲ. ಜಾನ್ ಡೀರ್ ಕಂಪನಿ 2022ರ ಜನವರಿಯಲ್ಲೇ ಅಂಥ ಟ್ರ್ಯಾಕ್ಟರನ್ನು ಪ್ರದರ್ಶಿಸಿತು. ಆರು ಜೋಡಿ ಕ್ಯಾಮೆರಾಗಳಿಂದ ಸುತ್ತಲೂ ನೋಡುತ್ತ ಉಳುತ್ತದೆ, ಅನುಮಾನ ಬಂದರೆ ನಿಲ್ಲುತ್ತದೆ. ವೇಮೋ ಕಂಪನಿಯ ಚಾಲಕರಹಿತ ಕಾರುಗಳು 2020ರಿಂದ ಅಮೆರಿಕದ ಫೀನಿಕ್ಸ್ ನಗರದ ಆಸುಪಾಸಿನಲ್ಲಿ ಸಾರ್ವಜನಿಕರನ್ನು ಕೂರಿಸಿಕೊಂಡು ಓಡುತ್ತಿವೆ. ಆದರೆ ಈ ಎರಡೂ ಮೊದಲೇ ನಿಖರವಾಗಿ ಗುರುತಿಸಿದ ಪ್ರದೇಶದ ಒಳಗೆ ಮಾತ್ರ ತಾವೇ ಓಡುವಂಥವು. ಯಾವ ರಸ್ತೆಯಲ್ಲಾದರೂ, ಯಾವ ಹೊತ್ತಿನಲ್ಲಾದರೂ ಓಡಬಲ್ಲ ಹಂತ, ಅಂದರೆ ಸೊನ್ನೆಯಿಂದ ಐದರವರೆಗಿನ ವರ್ಗೀಕರಣದಲ್ಲಿ ಐದನೆಯದು, ಇನ್ನೂ ಎಲ್ಲೂ ಬಂದಿಲ್ಲ. ನಮ್ಮ ದೇಶದ ಸರಾಸರಿ ಹಿಡುವಳಿ 2015-16ರ ಕೃಷಿ ಗಣತಿಯಂತೆ 1.08 ಹೆಕ್ಟೇರ್. ನೂರಾರು ಎಕರೆಯ ಒಂದೇ ಬಯಲಿಗಾಗಿ ಮಾಡಿದ ಯಂತ್ರವು ಬದು, ತೆಂಗಿನ ಮರ, ಕಾಲುವೆಗಳ ನಡುವೆ ತಿರುಗುವುದರಲ್ಲೇ ಹೊತ್ತು ಕಳೆಯುತ್ತದೆ. ಹಾಕಿದ ಹಣ ಮರಳುವ ಲೆಕ್ಕ ಕೂಡುವುದಿಲ್ಲ. ಹತ್ತು ವರ್ಷಗಳಲ್ಲಿ ತಮ್ಮೂರಿಗೆ ಅದು ಬಂದರೂ ಭತ್ತ ಕೊಯ್ಯುವ ಯಂತ್ರದಂತೆ ಬಾಡಿಗೆಗೆ ಬರುತ್ತದೆ; ಕೃಷಿ ಯಂತ್ರಧಾರೆ ಕೇಂದ್ರಗಳ ಮಾದರಿಯೇ ಅದಕ್ಕೆ ಸರಿಯಾದ ದಾರಿ. ಮಗನಿಗೆ ಇಷ್ಟನ್ನು ಹೇಳಿ: ಟ್ರ್ಯಾಕ್ಟರಿನ ಬಗ್ಗೆ ಅವನ ಊಹೆ ಜಗತ್ತಿನ ಮಟ್ಟಿಗೆ ಸರಿಯಿರಬಹುದು, ನಾಲ್ಕು ಎಕರೆಯ ಮಟ್ಟಿಗೆ ಅವಸರದ್ದು.

ಡ್ರೋನಿನ ಮಾತು ಬೇರೆ, ಏಕೆಂದರೆ ಅದಕ್ಕೆ ಬದು ಅಡ್ಡಬರುವುದಿಲ್ಲ. ಆಳೆತ್ತರದ ಕಬ್ಬಿನೊಳಗೆ ನುಗ್ಗಿ, ಸೊಪ್ಪಿನಂಚು ಮೈ ಕೊಯ್ಯುತ್ತಿರುವಾಗ ಬೆನ್ನ ಮೇಲೆ ಪಂಪು ಹೊತ್ತು ಔಷಧಿ ಹೊಡೆಯುವುದಕ್ಕೆ ಇಂದು ಆಳು ಸಿಗುವುದೂ ಕಷ್ಟ, ಹೊಡೆಯುವವರ ಆರೋಗ್ಯಕ್ಕೂ ಅದು ಒಳ್ಳೆಯದಲ್ಲ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ಡ್ರೋನ್ ದೀದಿ ಯೋಜನೆಯಡಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವಿನೊಂದಿಗೆ ಡ್ರೋನ್ ಕೊಡುವ ಉದ್ದೇಶವಿತ್ತು. ಇಲ್ಲಿಯೂ ಕೊಳ್ಳಬೇಕಿಲ್ಲ, ಎಕರೆಗಿಷ್ಟು ಎಂದು ಕರೆಸಿಕೊಳ್ಳಬಹುದು. ಗಮನಿಸಬೇಕಾದ ಅಂಶವೆಂದರೆ, ಒಳ್ಳೆಯ ಡ್ರೋನ್ ರಿಮೋಟಿನ ಸಂಪರ್ಕ ತಪ್ಪಿದರೆ ಅಥವಾ ಬ್ಯಾಟರಿ ಇಳಿದರೆ ಯಾರ ಅಪ್ಪಣೆಗೂ ಕಾಯದೆ ಹೊರಟ ಜಾಗಕ್ಕೆ ತಾನೇ ಹಿಂದಿರುಗುತ್ತದೆ. ಸಂಪರ್ಕ ಕಡಿದಾಗ ಏನು ಮಾಡಬೇಕೆಂಬುದನ್ನು ಅದನ್ನು ರೂಪಿಸಿದವರು ಮೊದಲೇ ಯೋಚಿಸಿದ್ದಾರೆ. ಪಂಪಿನ ವ್ಯವಸ್ಥೆಯಿಂದಲೂ ನಾವು ಕೇಳಬೇಕಾದದ್ದು ಇದನ್ನೇ.

ಭದ್ರತೆಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡದ್ದು ಯಾವ ಮಹಾ ಜಾಣತನದಿಂದಲೂ ಅಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ, ಅಷ್ಟೇ. ತಮ್ಮ ಮೊಬೈಲ್ ಸ್ಟಾರ್ಟರಿನ ಪಾಸ್‌ವರ್ಡ್ ಇನ್ನೂ 1234 ಆಗಿದ್ದರೆ ಇಂದೇ ಬದಲಾಯಿಸಿ, ನೋಂದಾಯಿಸಿದ ನಂಬರುಗಳಿಗೆ ಮಾತ್ರ ಅದು ಓಗೊಡುವಂತೆ ಮಾಡಿಸಿ. ಅಳವಡಿಸಲು ಬಂದ ಹುಡುಗನ ನಂಬರು ಅದರಲ್ಲಿ ಉಳಿದಿದ್ದರೆ ಅಳಿಸಿಹಾಕಿ.

ಹಾಗಾದರೆ ಈಗ ಮಾಡಬೇಕಾದದ್ದೇನು? ಪೂರ್ತಿ ವ್ಯವಸ್ಥೆಯನ್ನು ಒಂದೇ ಸಲಕ್ಕೆ ಕೊಳ್ಳಬೇಡಿ. ಈ ವರ್ಷ ಪ್ಯಾನೆಲ್ಲಿನ ರಕ್ಷಣೆಗಳನ್ನು ಪೂರ್ಣಗೊಳಿಸಿ, ಗುಡುಗು ಸಿಡಿಲಿನ ಕಾಲಕ್ಕೆ ಮುಂಚೆ ಒಳ್ಳೆಯ ಅರ್ಥಿಂಗ್ ಮತ್ತು ಏಕಾಏಕಿ ಏರುವ ಓಲ್ಟೇಜಿನಿಂದ ಕಾಯುವ ಸರ್ಜ್ ರಕ್ಷಣೆ ಮಾಡಿಸಿ. ಏಪ್ರಿಲ್, ಮೇ ತಿಂಗಳ ಮಳೆಯಲ್ಲಿ ಹೊಲದ ಎಲೆಕ್ಟ್ರಾನಿಕ್ಸ್ ಸುಡುವುದು ಬಹುಪಾಲು ಇದಿಲ್ಲದೆಯೇ. ಫ್ಲೋ ಮೀಟರ್, ಎರಡು ಆಳದ ತೇವಾಂಶ ಅಳತೆ ಇಷ್ಟನ್ನು ಹಾಕಿಸಿ, ತೀರ್ಮಾನವನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡು ಒಂದು ಬೆಳೆ ತೆಗೆಯಿರಿ. ಯಂತ್ರ ಹೇಳಿದ್ದಕ್ಕೂ ತಾವು ಮಾಡಿದ್ದಕ್ಕೂ ಎಲ್ಲೆಲ್ಲಿ ವ್ಯತ್ಯಾಸ ಬಂತು, ಯಾರು ಸರಿ ಎಂದು ಅಷ್ಟರಲ್ಲಿ ಗೊತ್ತಾಗುತ್ತದೆ. ವ್ಯತ್ಯಾಸ ಕಡಿಮೆಯಿದ್ದರೆ ಮುಂದಿನ ವರ್ಷ ಸ್ವಯಂಚಾಲಿತ ವಾಲ್ವುಗಳಿಗೆ ಹೋಗಬಹುದು, ಆಗಲೂ ಪ್ರತಿ ವಾಲ್ವಿನ ಪಕ್ಕ ಕೈಯಿಂದ ತಿರುಗಿಸುವ ಗೇಟ್ ವಾಲ್ವ್ ಇರಲೇಬೇಕು, ಪ್ಯಾನೆಲ್ಲಿನಲ್ಲಿ ಆಟೋ ಮತ್ತು ಮ್ಯಾನುವಲ್ ನಡುವೆ ಬದಲಾಯಿಸುವ ಸ್ವಿಚ್ಚು ಇರಲೇಬೇಕು.

ಕಂಪನಿಯೊಂದಿಗೆ ಮಾತಾಡುವಾಗ ಬರವಣಿಗೆಯಲ್ಲಿ ಪಡೆಯಬೇಕಾದ ಮಾತುಗಳು ಕೆಲವಿವೆ. ಚಂದಾ ಕಟ್ಟದ ವರ್ಷವೂ ವೇಳಾಪಟ್ಟಿಯ ಚಾಲನೆ ನಡೆಯುತ್ತದೆ, ವಾಲ್ವ್ ಮತ್ತು ಸೆನ್ಸರ್ ಬೇರೆ ಕಂಪನಿಯದನ್ನು ಹಾಕಿದರೂ ಹೊಂದಿಕೊಳ್ಳುತ್ತದೆ, ವೈರಿಂಗ್ ನಕ್ಷೆಯನ್ನು ತಮಗೆ ಕೊಡುತ್ತಾರೆ ಎಂಬುವು ಅವು. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ, ಕೃಷಿ ಯಂತ್ರಗಳನ್ನು ರೈತರೇ ಅಥವಾ ತಮಗೆ ಬೇಕಾದ ಮೆಕ್ಯಾನಿಕ್ಕಿನಿಂದ ರಿಪೇರಿ ಮಾಡಿಸಿಕೊಳ್ಳಲು ಬೇಕಾದ ಮಾಹಿತಿಯನ್ನು ತಯಾರಕರು ಕೊಡಲೇಬೇಕೆಂದು ಕಾನೂನು ಮಾಡಬೇಕಾಗಿ ಬಂದದ್ದು, ಅಲ್ಲಿಯ ತಯಾರಕರು ಅದನ್ನು ರೈತರಿಗೆ ಕೊಡದೆ ತಮ್ಮಲ್ಲೇ ಇಟ್ಟುಕೊಂಡಿದ್ದರಿಂದ. ನಕ್ಷೆ ಕೈಯಲ್ಲಿದ್ದರೆ ಪಾಂಡವಪುರದ ಯಾವ ಒಳ್ಳೆಯ ವೈಂಡಿಂಗ್ ಅಂಗಡಿಯವರೂ ಅರ್ಧ ಕೆಲಸ ಮಾಡಿಕೊಡುತ್ತಾರೆ, ಉಳಿದರ್ಧವನ್ನು ತಮ್ಮ ಮಗ ಕಲಿತುಕೊಳ್ಳಬಹುದು. ಹಣವನ್ನು ಕಂತುಗಳಲ್ಲಿ ಕೊಡಿ. ಕೊನೆಯ ಕಂತನ್ನು ಅಳವಡಿಸಿದ ದಿನವಲ್ಲ, ಕಬ್ಬು ಎತ್ತರ ಬಂದು ಆಂಟೆನಾದ ಪರೀಕ್ಷೆಯೂ, ಒಂದು ಬೇಸಿಗೆಯ ಸಿಡಿಲು ಮಳೆಯ ಪರೀಕ್ಷೆಯೂ ಮುಗಿದ ಮೇಲೆ ಕೊಡುವುದಾಗಿ ಕರಾರಿನಲ್ಲೇ ಬರೆಸಿಕೊಳ್ಳಿ.